ಕೂದಲು ತೂರಿದರೆ ಮೂಗು ಪಾಸು

ಬೆಳಗಿನ ಆರು ಗಂಟೆ. ಪ್ರಯೋಗಾಲಯದ ಮೂರನೇ ಮಹಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಎತ್ತರದ ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟು ಕೂತ ಐವತ್ನಾಲ್ಕರ ಹೆಂಗಸು ತಲೆಗೂದಲೊಳಗೆ ಬೆರಳಾಡಿಸುತ್ತ ಏನನ್ನೋ ಹುಡುಕುತ್ತಿದ್ದಾರೆ. ಸಿಕ್ಕಿದ ಎಳೆಯನ್ನು ಪಟಕ್ಕನೆ ಕಿತ್ತು, ಬೆಳಕಿಗೆ ಹಿಡಿದು, "ಥೂ, ಇದೂ ಬೆಳ್ಳಗಾಗಿದೆ" ಎಂದು ಕಸದ ಬುಟ್ಟಿಗೆ ಹಾಕುತ್ತಾರೆ. ಎರಡನೆಯದೂ ಬಿಳಿ. ಮೂರನೆಯದು ಕಪ್ಪು. ಅದರ ತುದಿಯನ್ನು ಕರಗಿದ ಮೇಣದಲ್ಲಿ ಒಮ್ಮೆ ಅದ್ದಿ ಗಟ್ಟಿಮಾಡಿಕೊಂಡು, ಎದುರಿಗಿರುವ ಮೂಗಿನ ನೆತ್ತಿಯ ತೂತಿನಿಂದ ಮೆಲ್ಲಗೆ ಇಳಿಬಿಡುತ್ತಾರೆ.

ಹೌದು, ಮೂಗೇ. ಗಾಜಿನಷ್ಟು ತಿಳಿಯಾದ ರಾಳದ್ದು, ಮುಷ್ಟಿಗಿಂತ ತುಸು ದೊಡ್ಡದು, ಮುಖವಿಲ್ಲದ ಬರೀ ಮೂಗಿನ ಒಳಭಾಗ. ಕಪ್ಪು ಕೂದಲು ಇಳಿಯುತ್ತದೆ, ಒಂದು ತಿರುವಿನಲ್ಲಿ ನಿಲ್ಲುತ್ತದೆ, ಕೊಂಚ ಡೊಂಕಾಗುತ್ತದೆ, ಮತ್ತೆ ಇಳಿಯುತ್ತದೆ. ಕೊನೆಗೆ ಕೆಳಗಿನ ಹೊಳ್ಳೆಯಿಂದ ತುದಿ ಇಣುಕಿದಾಗ ಹೆಂಗಸು ಹಿಡಿದಿಟ್ಟ ಉಸಿರು ಬಿಡುತ್ತಾರೆ.

"ಪಾಸು" ಎನ್ನುತ್ತಾರೆ. ಹಿಂದೆಯೇ ಒಂದು ಜೋರಾದ ಸೀನು. ಮೂಗು ಮಾಡುವವರಿಗೇ ಎರಡು ದಿನದಿಂದ ಮೂಗು ಕಟ್ಟಿದೆ.

ಇಲ್ಲಿ ಎಲ್ಲರೂ ಅವರನ್ನು ಕರೆಯುವುದು ಮೂಗಿನಕ್ಕ ಎಂದು. ಕಾವಲುಗಾರನಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಅಕ್ಕ. ನಾವು ಉಸಿರೆಳೆದಾಗ ಒಳಬರುವ ಅನಿಲಗಳಲ್ಲಿ ಎಷ್ಟನ್ನು ಮೂಗೇ ಹೀರಿಕೊಳ್ಳುತ್ತದೆ, ಎಲ್ಲಿ ಹೀರಿಕೊಳ್ಳುತ್ತದೆ, ಎಷ್ಟು ದಾಟಿ ಶ್ವಾಸಕೋಶಕ್ಕೆ ಹೋಗುತ್ತದೆ ಎಂದು ಕಂಡುಹಿಡಿಯುವುದು ಈ ಪ್ರಯೋಗಾಲಯದ ಕೆಲಸ. ಬದುಕಿರುವವರ ಮೂಗಿನೊಳಗೆ ಘಾಟು ಅನಿಲ ಬಿಟ್ಟು ನೋಡಲಾಗುತ್ತದೆಯೇ? ಅದಕ್ಕೇ ಮಾದರಿ ಮೂಗು ಬೇಕು. ಹನ್ನೊಂದು ವರ್ಷಗಳಲ್ಲಿ ಅಕ್ಕ ಅಂಥ ಮೂವತ್ತೇಳು ಮೂಗು ಮಾಡಿದ್ದಾರೆ. ಇಂದು ಪಾಸಾದದ್ದು ಮೂವತ್ತೆಂಟನೆಯದು.

ಕಣ್ಣಿನ ಮೇಲೆ ಹಾಡು ಕಟ್ಟಿದ್ದೇವೆ, ಹೃದಯವನ್ನಂತೂ ಹಾಡಿ ಹಾಡಿ ಹಣ್ಣು ಮಾಡಿದ್ದೇವೆ. ಪಾಪ, ಮೂಗು ನೆನಪಾಗುವುದು ನೆಗಡಿಯಾದಾಗ ಮಾತ್ರ. ಅಕ್ಕನ ಮುಂದೆ ಹಾಗೆಂದರೆ ಅವರಿಗೆ ಕೋಪ ಬರುತ್ತದೆ, ಅದೂ ಮೂಗಿನ ತುದಿಯಲ್ಲೇ.

"ಮೂಗು ಅಂದ್ರೆ ಎರಡು ತೂತು ಅಂತ ತಿಳ್ಕೊಂಡಿದಾರೆ ಜನ. ಒಳಗೆ ನೋಡಿ ಸ್ವಲ್ಪ. ಮೂರು ಮಡಿಕೆ ಇರೋ ಓಣಿ ಅದು, ಗೋಡೆಯೆಲ್ಲ ಒದ್ದೆ. ಘಾಟು ಗಾಳಿ ಒಳಗೆ ಬಂತು ಅನ್ನಿ, ಆ ಒದ್ದೆ ಗೋಡೆ ಅದನ್ನ ಹೀರ್ಕೊಂಡುಬಿಡುತ್ತೆ. ಉಳಿದಿದ್ದಷ್ಟೇ ಕೆಳಗೆ ಹೋಗೋದು. ಶ್ವಾಸಕೋಶನ ಕಾಪಾಡೋಕೆ ಹೋಗಿ ಮೂಗು ತಾನು ಪೆಟ್ಟು ತಿನ್ನುತ್ತೆ. ಮನೇಲಿ ದೊಡ್ಡ ಮಗಳು ಇರ್ತಾಳಲ್ಲ, ಹಾಗೆ."

ಅಕ್ಕ ಕೂಡ ಮನೆಯ ದೊಡ್ಡ ಮಗಳೇ. ಹದಿನೇಳಕ್ಕೆ ಓದು ಬಿಟ್ಟು ಹಲ್ಲಿನ ಸೆಟ್ಟು ಮಾಡುವ ಅಂಗಡಿಗೆ ಸೇರಿದರು. ಕೂರಲು ಜಾಗವಿಲ್ಲದ ಒಂದು ಕೋಣೆ, ಗೋಡೆಯುದ್ದಕ್ಕೂ ಬಾಯಿ ತೆರೆದುಕೊಂಡ ಗಚ್ಚಿನ ದವಡೆಗಳು, ಗುಲಾಬಿ ಮೇಣದ ಹಾಳೆ, ಸ್ಪಿರಿಟ್ ದೀಪ. ಇಪ್ಪತ್ತಾರು ವರ್ಷ ಅಲ್ಲೇ ತೇದರು. ಊರಿನ ಅರ್ಧ ಮುದುಕರು ನಗುತ್ತಿದ್ದದ್ದು ತಾವು ಮಾಡಿಕೊಟ್ಟ ಹಲ್ಲಿನಲ್ಲೇ ಎಂದು ಅಕ್ಕನ ಹೆಮ್ಮೆ. ಅಂಗಡಿ ಮುಚ್ಚಿದ ವರ್ಷ ಈ ಪ್ರಯೋಗಾಲಯದವರು "ಮೇಣ, ಗಚ್ಚು, ರಾಳದಲ್ಲಿ ಕೈ ಪಳಗಿದವರು ಬೇಕು" ಎಂದು ಹುಡುಕುತ್ತಿದ್ದರು. ಅರ್ಜಿ ಹಾಕಿದವರಲ್ಲಿ ಡಿಗ್ರಿ ಇಲ್ಲದವರು ಇವರೊಬ್ಬರೇ. ದೊಡ್ಡ ಡಾಕ್ಟರು ಸಂದರ್ಶನದಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಒಂದು ತುಂಡು ಮೇಣ ಕೊಟ್ಟು, "ನಿಮ್ಮ ಹೆಬ್ಬೆರಳು ಮಾಡಿ ತೋರಿಸಿ" ಎಂದರು. ಇಪ್ಪತ್ತು ನಿಮಿಷದಲ್ಲಿ ಉಗುರಿನ ಸೀಳಿನ ಸಮೇತ ಹೆಬ್ಬೆರಳು ಮೇಜಿನ ಮೇಲಿತ್ತು. ಆ ಮೇಣದ ಬೆರಳು ಈಗಲೂ ಡಾಕ್ಟರ ಪೆನ್ನಿನ ಡಬ್ಬಿಯಲ್ಲಿದೆ.

ಒಂದು ಮೂಗಿಗೆ ಹತ್ತೊಂಬತ್ತು ದಿನ ಹಿಡಿಯುತ್ತದೆ. ಸ್ವಂತ ಇಷ್ಟದಿಂದ ಸ್ಕ್ಯಾನ್ ಮಾಡಿಸಿಕೊಂಡವರ ತಲೆಯ ಎಂಬತ್ತು ಚಿತ್ರ ಬರುತ್ತವೆ, ಬ್ರೆಡ್ಡು ಕೊಯ್ದ ಹಾಗೆ ಒಂದರ ಹಿಂದೊಂದು ಹೋಳು. ಅದರಿಂದ ಯಂತ್ರ ಒರಟಾದ ಆಕಾರ ಕೊಡುತ್ತದೆ, ಎಡ ಬಲ ಎಂದು ಎರಡು ಪಾಲಾಗಿ. ಸಂದುಗೊಂದಿಯಲ್ಲಿ ಕೂತ ಪುಡಿ ತೆಗೆದು, ಗೋಡೆ ತಿದ್ದಿ, ನೆತ್ತಿಯಲ್ಲಿ ಅನಿಲ ಅಳೆಯಲು ತೂತು ಕೊರೆದು, ಕೊನೆಗೆ ಒಳಗೋಡೆಗೆಲ್ಲ ತೇವದ ಅಂಟುಪದರವನ್ನು ಕುಂಚದಲ್ಲಿ ಬಳಿಯುವುದು ಅಕ್ಕನ ಕೈ. ಅದು ಮೂಗಿನ ಲೋಳೆಯ ಬದಲಿಗೆ. ಬಿಸಿಲೇರಿ ಕೋಣೆ ಬೆಚ್ಚಗಾದರೆ ಮೇಣವೂ ಕೆಡುತ್ತದೆ, ಪದರವೂ ಜಾರುತ್ತದೆ. ಹಾಗಾಗಿ ಅವರ ದಿನ ಶುರುವಾಗುವುದು ಐದೂವರೆಗೆ.

ಮೂಗು ಸಿದ್ಧವಾದ ಮೇಲೆ ಹೊಳ್ಳೆಯಿಂದ ಅನಿಲ ಒಳಬಿಡುತ್ತಾರೆ. ಕೂತವರ ಉಸಿರಾದರೆ ನಿಮಿಷಕ್ಕೆ ಹದಿನೈದು ಲೀಟರು, ಭಾರ ಎತ್ತುವವರದಾದರೆ ನಲವತ್ತು. ಗಂಟಲಿನ ಕಡೆ ಎಷ್ಟು ಹೊರಬಂತು, ನೆತ್ತಿಯ ತೂತಿನಲ್ಲಿ ಎಷ್ಟು ಸಿಕ್ಕಿತು ಎಂದು ಅಳೆಯುತ್ತಾರೆ. ದಿನಕ್ಕೆ ಇಪ್ಪತ್ನಾಲ್ಕು ಸಲ. ಪಕ್ಕದ ಕೋಣೆಯಲ್ಲಿ ಲೆಕ್ಕದ ಮೇಡಂ ಅದೇ ಮೂಗನ್ನು ಕಂಪ್ಯೂಟರಿನೊಳಗೆ ಕಟ್ಟಿ, ಲಕ್ಷಗಟ್ಟಲೆ ಪುಟಾಣಿ ಡಬ್ಬಿಗಳಾಗಿ ಒಡೆದು, ಒಂದೊಂದು ಡಬ್ಬಿಗೂ ಗಾಳಿ ಎಷ್ಟು ಬಂತು, ಗೋಡೆ ಎಷ್ಟು ಹೀರಿತು ಎಂದು ಲೆಕ್ಕ ಹಾಕುತ್ತಾರೆ. ಎರಡೂ ಉತ್ತರ ಹೊಂದಿದರೆ ಆ ಲೆಕ್ಕವನ್ನು ನಂಬಬಹುದು. ಆಮೇಲೆ ಬೇರೆ ಬೇರೆ ಅನಿಲಕ್ಕೆ, ಬೇರೆ ಬೇರೆ ಉಸಿರಿಗೆ ಕಂಪ್ಯೂಟರೇ ಉತ್ತರ ಹೇಳುತ್ತದೆ.

ಇಷ್ಟೇ ಆಗಿದ್ದರೆ ಅಕ್ಕ ಒಳ್ಳೆಯ ಕೆಲಸಗಾರ್ತಿ ಎಂದು ಬರೆದು ಮುಗಿಸಬಹುದಿತ್ತು. ಆದರೆ ಕೂದಲಿನ ಕತೆ ಉಳಿದಿದೆ. ಅದನ್ನು ಕೇಳಿದರೆ ಅಕ್ಕ ಮೊದಲು ಎದ್ದುಹೋಗಿ ಕಿಟಕಿ ತೆರೆದು ಬರುತ್ತಾರೆ.

ಎರಡೂವರೆ ವರ್ಷದ ಹಿಂದಿನ ಮಾತು. ಪ್ರಯೋಗಾಲಯಕ್ಕೆ ಒಂದು ಪ್ಲೈವುಡ್ ಕಾರ್ಖಾನೆಯ ಕೆಲಸ ಬಂದಿತ್ತು. ತೆಳು ಹಲಗೆಗಳಿಗೆ ಅಂಟು ಹಚ್ಚಿ, ಒಂದರ ಮೇಲೊಂದು ಪೇರಿಸಿ, ಬಿಸಿ ಪ್ರೆಸ್ಸಿನಲ್ಲಿ ಒತ್ತುವಾಗ ಅಂಟಿನಿಂದ ಘಾಟು ಏಳುತ್ತದೆ. ಪ್ರೆಸ್ಸಿನ ಮುಂದೆ ನಿಂತವರ ಮೂಗಿನಲ್ಲಿ ಆ ಘಾಟು ಎಲ್ಲೆಲ್ಲಿ ಎಷ್ಟೆಷ್ಟು ಇಳಿಯುತ್ತದೆ, ಎಷ್ಟು ಹೊತ್ತು ನಿಲ್ಲಬಹುದು ಎಂದು ವರದಿ ಕೊಡಬೇಕಿತ್ತು. ಪ್ರೆಸ್ಸಿನಲ್ಲಿ ಇನ್ನೂರ ಹತ್ತು ಮಂದಿ. ಒಂದು ಕಾಲಕ್ಕೆ ಅವರಲ್ಲಿ ಅಕ್ಕನ ಯಜಮಾನರೂ ಒಬ್ಬರು.

ಯಜಮಾನರು ಹನ್ನೆರಡು ವರ್ಷ ಆ ಪ್ರೆಸ್ಸಿನ ಮುಂದೆ ನಿಂತವರು. ಅವರಿಗೆ ವಾಸನೆ ಹೋಗಿದ್ದು ಮನೆಯಲ್ಲಿ ಯಾರಿಗೂ ಬಹಳ ದಿನ ಗೊತ್ತೇ ಆಗಲಿಲ್ಲ.

"ಮದುವೆ ಆದಾಗಿಂದ ನನ್ನ ಅಡುಗೆಗೆ ಒಂದಲ್ಲ ಒಂದು ಕೊಂಕು ತೆಗೀತಿದ್ದ ಮನುಷ್ಯ" ಎನ್ನುತ್ತಾರೆ ಅಕ್ಕ. "ಇದ್ದಕ್ಕಿದ್ದ ಹಾಗೆ ಎಲ್ಲಾನೂ ಚೆನ್ನಾಗಿದೆ ಅನ್ನೋಕೆ ಶುರು ಮಾಡಿದ್ರು. ನಾನೋ ಪೆದ್ದಿ, ನನ್ನ ಕೈರುಚಿ ಕಡೆಗೂ ಅರ್ಥ ಆಯ್ತು ಅಂತ ಉಬ್ಬಿಹೋದೆ. ಎಲ್ಲಾ ಚೆನ್ನಾಗಿದೆ ಅಂದಾಗ್ಲೇ ನನಗೆ ಅನುಮಾನ ಬರಬೇಕಿತ್ತು."

ಅನುಮಾನ ಬಂದದ್ದು ಅವರು ಕೆಟ್ಟ ಹಾಲನ್ನು ಗಟಗಟನೆ ಕುಡಿದು ಲೋಟ ತೊಳೆದಿಟ್ಟ ದಿನ. ವೈದ್ಯರು ಪರೀಕ್ಷಿಸಿ, ವಾಸನೆ ಹಿಡಿಯುವ ಭಾಗ ಪೆಟ್ಟು ತಿಂದಿದೆ, ಮರಳಿದರೆ ಮರಳಬಹುದು ಎಂದರು. ಕಾರ್ಖಾನೆಯವರು ಯಜಮಾನರನ್ನು ಗೋದಾಮಿಗೆ ಹಾಕಿದರು. ಅವರ ಜಾಗಕ್ಕೆ ಪ್ರೆಸ್ಸಿನ ಮುಂದೆ ಬಂದು ನಿಂತವನು ಗುಂಡ. ಯಜಮಾನರ ಕೈಕೆಳಗೇ ಕೆಲಸ ಕಲಿತವನು, ಈ ಮನೆಯಲ್ಲಿ ಊಟ ಮಾಡಿ ಬೆಳೆದವನು ಎಂದರೂ ತಪ್ಪಿಲ್ಲ. ಅಕ್ಕನನ್ನು ಅವನು ಕರೆಯುವುದು ಅತ್ತಿಗೆ ಎಂದು.

ಆ ಕಾರ್ಖಾನೆಯ ವರದಿಗೆಂದು ಅಕ್ಕ ನಾಲ್ಕು ಮೂಗು ಮಾಡಿಕೊಟ್ಟರು. ಮೂರು ತಿಂಗಳು ಪ್ರಯೋಗ ನಡೆಯಿತು. ಘಾಟಿನ ಬಹುಪಾಲು ಮೂಗಿನ ಮುಂಭಾಗದಲ್ಲೇ ಹೀರಿಹೋಗುತ್ತಿತ್ತು. ವಾಸನೆ ಹಿಡಿಯುವ ಜಾಗ ಇರುವುದು ಮೂಗಿನ ನೆತ್ತಿಯಲ್ಲಿ, ಒಂದು ಮಿಲಿಮೀಟರಿನಷ್ಟು ಕಿರಿದಾದ ಸಂದಿನೊಳಗೆ. ಅಲ್ಲಿನ ತೂತಿನಲ್ಲಿ ಸಿಕ್ಕಿದ್ದು ಸೊನ್ನೆ. ಕಂಪ್ಯೂಟರೂ ಸೊನ್ನೆ ಎಂದಿತು. ಎರಡೂ ಹೊಂದಿದವು, ಎಲ್ಲರೂ ಬೆನ್ನು ತಟ್ಟಿಕೊಂಡರು. ಪ್ರೆಸ್ಸಿನ ಘಾಟಿನಿಂದ ವಾಸನಾಶಕ್ತಿಗೆ ಅಪಾಯವಿಲ್ಲ ಎಂದು ವರದಿ ಬರೆದದ್ದೂ ಆಯಿತು. ಸೋಮವಾರ ಕಳಿಸುವುದಿತ್ತು.

ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ಅಕ್ಕ ಈ ಸುದ್ದಿಯನ್ನು ಮನೆಯಲ್ಲಿ ಹೇಳಿದರು. ಯಜಮಾನರು ಕೂಗಾಡಲಿಲ್ಲ. ಲೋಟ ಕೆಳಗಿಟ್ಟು ಕೇಳಿದ್ದು ಇಷ್ಟೇ. "ಹಾಗಾದ್ರೆ ನನ್ನ ಮೂಗು ಸುಳ್ಳು ಹೇಳ್ತಿದೆಯಾ? ಗುಂಡ ಈಗ ಅಲ್ಲೇ ನಿಂತಿದಾನಲ್ಲೇ."

ಅಕ್ಕ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಸೊನ್ನೆ ಎಂದರೆ ಸೊನ್ನೆಯೇ? ಚೂರೂ ಹೋಗದೆ ಇರುತ್ತದೆಯೇ? ಗಾಳಿ ಎಲ್ಲಿಗಾದರೂ ನುಸುಳುವಂಥದ್ದು. ತಿಂಡಿಯನ್ನೂ ತಿನ್ನದೆ ಪ್ರಯೋಗಾಲಯಕ್ಕೆ ಓಡಿದರು. ನಾಲ್ಕೂ ಮೂಗು ಮುಂದಿಟ್ಟುಕೊಂಡು ಕೂತರೂ ಕಣ್ಣಿಗೆ ಏನೂ ಕಾಣಲಿಲ್ಲ. ಸಂದು ಇದ್ದಲ್ಲೇ ಇತ್ತು, ತಿಳಿಯಾಗಿ, ಚೆನ್ನಾಗಿ. ಕೈಗೆ ಸಿಕ್ಕಿದ್ದು ತಲೆಯ ಒಂದು ಕೂದಲು. ನೆತ್ತಿಯ ತೂತಿನಿಂದ ಅದನ್ನು ಇಳಿಬಿಟ್ಟರು. ಅರ್ಧ ಬೆರಳಷ್ಟೂ ಇಳಿಯದೆ ಅದು ನಿಂತುಬಿಟ್ಟಿತು. ಎರಡನೇ ಮೂಗಿನಲ್ಲೂ ಅಷ್ಟೇ, ಮೂರರಲ್ಲೂ, ನಾಲ್ಕರಲ್ಲೂ.

ಆಗ ತಮ್ಮ ಕೈ ಏನು ಮಾಡಿತ್ತೆಂದು ನೆನಪಾಯಿತು. ಹಲ್ಲಿನ ಅಚ್ಚು ತೆಗೆಯುವ ಮುಂಚೆ ಗಚ್ಚಿನ ದವಡೆಯ ಆಳವಾದ ಸಂದುಗಳಿಗೆ ಮೇಣ ಸವರಿ ಅವುಗಳ ಬಾಯಿ ಮುಚ್ಚುವುದು ಆ ಕಸುಬಿನ ರೂಢಿ. ಇಲ್ಲದಿದ್ದರೆ ಅಚ್ಚಿನ ರಬ್ಬರು ಸಂದಿಗೆ ಸಿಕ್ಕಿಕೊಂಡು ಹರಿಯುತ್ತದೆ. ಲೆಕ್ಕದ ಮೇಡಂಗೆ ಮೂಗಿನ ಅಳತೆ ಕೊಡಲೆಂದು ಅಕ್ಕ ಈ ಮೂಗುಗಳ ಒಳಗಿನದೊಂದು ರಬ್ಬರ್ ಅಚ್ಚು ತೆಗೆದಿದ್ದರು. ಕೈ ತನ್ನ ಪಾಡಿಗೆ ತಾನು ಇಪ್ಪತ್ತಾರು ವರ್ಷದ ಕೆಲಸ ಮಾಡಿತ್ತು. ಗುಲಾಬಿ ಮೇಣವಾಗಿದ್ದರೆ ಕಣ್ಣಿಗೆ ಹೊಡೆಯುತ್ತಿತ್ತು. ತಿಳಿ ರಾಳಕ್ಕೆ ಕಲೆಯಾಗಬಾರದೆಂದು ಬಣ್ಣವಿಲ್ಲದ ಮೇಣ ಬಳಸಿದ್ದರು. ತೆಗೆಯುವುದು ಮರೆತಿತ್ತು, ಅದರ ಮೇಲೆಯೇ ತೇವದ ಪದರ ಕೂತಿತ್ತು. ಅಚ್ಚಿನಲ್ಲಿ ಸಂದು ಮೂಡದ ಕಾರಣ ಕಂಪ್ಯೂಟರಿನ ಮೂಗಿಗೂ ಸಂದಿರಲಿಲ್ಲ. ಎರಡೂ ಹೊಂದದೆ ಇನ್ನೇನಾಗುತ್ತಿತ್ತು?

"ಯಾರಿಗೂ ಗೊತ್ತಾಗ್ತಿರಲಿಲ್ಲ" ಎನ್ನುತ್ತಾರೆ ಅಕ್ಕ. "ಅದೇ ನೋಡಿ ಹೆದರಿಕೆ ಆಗಿದ್ದು. ನಾನು ಬಾಯಿ ಮುಚ್ಕೊಂಡಿದ್ರೆ ಮುಗಿದುಹೋಗಿತ್ತು. ಆ ವರ್ಷ ನನ್ನ ಕೆಲಸ ಖಾಯಂ ಆಗೋದಿತ್ತು ಬೇರೆ. ಅಲ್ಲೇ ಸ್ಟೂಲಿನ ಮೇಲೆ ಕೂತು ಚೆನ್ನಾಗಿ ಅತ್ತೆ. ಅತ್ತು ಮುಗಿದ ಮೇಲೆ ಹಸಿವಾಯ್ತು. ಮನೆಗೆ ಹೋಗಿ ಊಟ ಮಾಡ್ದೆ. ಅಷ್ಟು ಹೊತ್ತಿಗೆ ತೀರ್ಮಾನ ಆಗಿತ್ತು."

ಸೋಮವಾರ ಎಂಟಕ್ಕೆ ಅವರು ದೊಡ್ಡ ಡಾಕ್ಟರ ಬಾಗಿಲಲ್ಲಿ ನಿಂತಿದ್ದರು, ಒಂದು ಕೈಯಲ್ಲಿ ಮೂಗು, ಇನ್ನೊಂದರಲ್ಲಿ ಕೂದಲು. ಇಳಿಬಿಟ್ಟು ತೋರಿಸಿದರು. ಡಾಕ್ಟರು ಮೂಗನ್ನು ಕೈಗೆ ತೆಗೆದುಕೊಂಡು, ಆ ನಿಂತ ಕೂದಲನ್ನು ತಾವೇ ಒಮ್ಮೆ ಒತ್ತಿ ನೋಡಿದರು.

"ಇದು ಬೇರೆ ಯಾರಿಗಾದ್ರೂ ಗೊತ್ತಾ?"

"ಇಲ್ಲ ಸರ್. ಈಗ ನಿಮಗೆ ಗೊತ್ತಾಯ್ತಲ್ಲ, ಇನ್ನು ಎಲ್ಲರಿಗೂ ಗೊತ್ತಾಗಲಿ."

ಡಾಕ್ಟರು ಫೋನೆತ್ತಿ ವರದಿ ತಡೆದರು. ಇಂದು ಆ ದಿನದ ಬಗ್ಗೆ ಕೇಳಿದರೆ ಅವರು ಮೇಣದ ಹೆಬ್ಬೆರಳನ್ನು ಕೈಯಲ್ಲಿ ತಿರುಗಿಸುತ್ತ ಹೇಳುತ್ತಾರೆ. "ಮೇಣ ಬಿಟ್ಟಿದ್ದು ಅವರು, ನಿಜ. ಆದರೆ ಮೂರು ತಿಂಗಳು ಆ ಸೊನ್ನೆ ನೋಡಿ ಖುಷಿಪಟ್ಟವರು ನಾವು. ಓದಿದವರು ಒಬ್ಬರಾದರೂ ಸಂಶಯ ಪಡಬೇಕಿತ್ತು." ಲೆಕ್ಕದ ಮೇಡಂ ಆ ದಿನ ಅಕ್ಕನ ಜೊತೆ ಮಾತು ಬಿಟ್ಟಿದ್ದರಂತೆ. ಮಧ್ಯಾಹ್ನದವರೆಗೆ ಮಾತ್ರ. "ನನ್ನ ಕಂಪ್ಯೂಟರ್ ಅಕ್ಕನ ತಪ್ಪನ್ನ ಐದನೇ ದಶಮಾಂಶದವರೆಗೂ ಸರಿಯಾಗಿ ಲೆಕ್ಕ ಹಾಕಿತ್ತು" ಎಂದು ಈಗ ನಗುತ್ತಾರೆ.

ಮೇಣ ಕೆರೆದರೆ ಗೋಡೆಗೆ ಗೀರು ಬೀಳುತ್ತದೆ, ಜಿಡ್ಡು ಉಳಿದರೆ ತೇವದ ಪದರ ಕೂರುವುದಿಲ್ಲ. ಹಾಗಾಗಿ ನಾಲ್ಕೂ ಮೂಗನ್ನು ಹೊಸದಾಗಿಯೇ ಮಾಡಬೇಕಾಯಿತು. ಕಾರ್ಖಾನೆಯವರು ತಡವಾಯಿತೆಂದು ಮೂಗು ಮುರಿದರು. ಅಕ್ಕನ ಖಾಯಂ ಕಾಗದ ಒಂದು ವರ್ಷ ಮುಂದಕ್ಕೆ ಹೋಯಿತು. ಹನ್ನೊಂದು ವಾರ ಅವರು ರಜೆಯ ಮುಖ ನೋಡಲಿಲ್ಲ. ಈ ಸಲ ಅಚ್ಚು ತೆಗೆಯುವ ಗೋಜಿಗೇ ಹೋಗದೆ ಮೇಡಂಗೆ ಸ್ಕ್ಯಾನಿನಿಂದಲೇ ಅಳತೆ ಕೊಡಿಸಿದರು. ಒಂದೊಂದು ಮೂಗನ್ನೂ ಕೂದಲು ಇಳಿಬಿಟ್ಟು ನೋಡಿಯೇ ಕಳಿಸಿದರು. ಅಂದಿನಿಂದ ಈ ಪ್ರಯೋಗಾಲಯದಲ್ಲಿ ಕೂದಲು ತೂರದ ಮೂಗಿನೊಳಗೆ ಅನಿಲ ಬಿಡುವಂತಿಲ್ಲ. ಬಿಳಿ ಕೂದಲು ತಿಳಿ ರಾಳದಲ್ಲಿ ಕಾಣುವುದಿಲ್ಲ, ಕಪ್ಪೇ ಆಗಬೇಕು. ಬಣ್ಣ ಹಚ್ಚಿಕೊಳ್ಳಿ ಅಕ್ಕಾ ಎಂದು ಹುಡುಗಿಯರು ರೇಗಿಸುತ್ತಾರೆ. "ಬಣ್ಣ ಹಚ್ಚಿದ್ದು ದಪ್ಪ ಆಗುತ್ತೆ ಕಣ್ರೇ" ಎಂದು ಅಕ್ಕ ಗಂಭೀರವಾಗಿಯೇ ಉತ್ತರಿಸುತ್ತಾರೆ.

ಹೊಸ ಮೂಗುಗಳು ಹೇಳಿದ ಕತೆಯೇ ಬೇರೆ. ಸುಮ್ಮನೆ ಕೂತವರ ಉಸಿರಿನಲ್ಲಿ ಒಳಬಂದ ನೂರು ಪಾಲಿನಲ್ಲಿ ಎರಡು ಪಾಲೂ ನೆತ್ತಿಯ ಸಂದು ಮುಟ್ಟುತ್ತಿರಲಿಲ್ಲ. ಹಲಗೆ ಎತ್ತುವವರ ದೊಡ್ಡ ಉಸಿರಿನಲ್ಲಿ ಏಳು ಪಾಲು ಮುಟ್ಟುತ್ತಿತ್ತು.

"ಏಳು ಅಂದ್ರೆ ಕಮ್ಮಿ ಅನ್ಸುತ್ತೆ" ಎನ್ನುತ್ತಾರೆ ಅಕ್ಕ. "ದಿನಕ್ಕೆ ಎಂಟು ಗಂಟೆ, ಹನ್ನೆರಡು ವರ್ಷ, ಉಸಿರಿಗೆ ಏಳೇಳು ಅಂದ್ರೆ? ನಮ್ಮನೆಯವರ ಮೂಗು ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದ್ದು ನಾನು ಮಾಡಿದ ಮೂಗು."

ವರದಿ ತಿದ್ದಿದ್ದಾಯಿತು. ಪ್ರೆಸ್ಸಿನ ಮೇಲೆ ಘಾಟು ಎಳೆದುಹಾಕುವ ದೊಡ್ಡ ಚಿಮಣಿ ಬಂತು, ಎರಡೆರಡು ಗಂಟೆಗೆ ಆಳು ಬದಲಾಗುವ ನಿಯಮ ಬಂತು, ಒಳ್ಳೆಯ ಮುಖಗವಸು ಬಂತು. ನೂರ ಹದಿನೆಂಟು ಪುಟದ ಆ ವರದಿಯಲ್ಲಿ ಅಕ್ಕನ ಹೆಸರಿಲ್ಲ. 'ಮಾದರಿ ತಯಾರಿಕೆ: ಕಾರ್ಯಾಗಾರ' ಎಂದು ಕೊನೆಯಲ್ಲಿ ಒಂದು ಸಾಲಿದೆ. ಬರೆದವರ ಮೇಲೆ ನಮಗೆ ಸಿಟ್ಟು ಬರುತ್ತದೆ, ಅಕ್ಕನಿಗೆ ಬರುವುದಿಲ್ಲ. "ಹಲ್ಲಿನ ಸೆಟ್ಟಿನ ಮೇಲೂ ನನ್ನ ಹೆಸರಿರಲಿಲ್ಲ. ಅವರು ನಕ್ಕಾಗ ನನಗೆ ಗೊತ್ತಾಗ್ತಿತ್ತು, ಸಾಕು" ಎನ್ನುತ್ತಾರೆ.

ಮಧ್ಯಾಹ್ನ ಎರಡಕ್ಕೆ ಕೆಲಸ ಮುಗಿಸಿ ಅಕ್ಕ ಮನೆಗೆ ಬರುತ್ತಾರೆ. ಎರಡು ಕೋಣೆ, ರಸ್ತೆಗೆ ತೆರೆದುಕೊಂಡ ಅಡುಗೆಮನೆಯ ಕಿಟಕಿ, ಹಿಂದೆ ಬಟ್ಟೆ ಒಣಗಿಸುವಷ್ಟು ಅಂಗಳ. ಹಾಲು ಒಲೆಯ ಮೇಲಿಟ್ಟು, ಹಿಂದಿನ ಮೆಟ್ಟಿಲ ಮೇಲೆ ಬಂದು ಕೂರುತ್ತಾರೆ. ಗೋದಾಮಿನ ಬೆಳಗಿನ ಪಾಳಿ ಮುಗಿಸಿ ಬಂದ ಯಜಮಾನರು ಪಕ್ಕದಲ್ಲಿ ಪೇಪರು ಹಿಡಿದಿದ್ದಾರೆ. ಅವರ ವಾಸನೆ ಇನ್ನೂ ಮರಳಿಲ್ಲ. ಆಸೆಯೇನಾದರೂ ಇದೆಯೇ ಎಂದು ಕೇಳಿದರೆ ಅಕ್ಕ ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತಾರೆ. ಅದು ನೆಗಡಿಯೋ ಇನ್ನೇನೋ.

"ಅಂಥ ದೊಡ್ಡದೇನಿಲ್ಲ. ಮೊದಲೆಲ್ಲ ನಾನು ಹಾಲಿಟ್ಟು ಮರೀತಿದ್ದೆ. ಇವರು ಎಲ್ಲಿದ್ರೂ ಮೂಗು ಹಿಡಿದು, 'ಏನೇ, ಹಾಲು ಸೀಯಿಸಿದ್ಯಲ್ಲೇ' ಅಂತ ಬೈತಿದ್ರು. ಆಗ ಮೈಯೆಲ್ಲ ಉರೀತಿತ್ತು. ಈಗ ಒಂದ್ಸಲ ಹಾಗೆ ಬೈಸ್ಕೋಬೇಕು ಅಂತ ಆಸೆ."

"ಬೈಯೋಕೆ ವಾಸನೆನೇ ಬರಬೇಕಾ?" ಎಂದು ಯಜಮಾನರು ಪೇಪರಿನ ಹಿಂದಿನಿಂದಲೇ ಕೇಳುತ್ತಾರೆ. ಅಕ್ಕ ನಗುತ್ತಾರೆ. ಮಾತು ಮಗಳ ಮನೆಯ ಕಡೆಗೆ, ಮೊಮ್ಮಗುವಿನ ತರಲೆಯ ಕಡೆಗೆ, ಮೂವತ್ತೆಂಟನೇ ಮೂಗಿನ ಡೊಂಕು ಗೋಡೆಯ ಕಡೆಗೆ ಹೊರಳುತ್ತದೆ.

ಅಷ್ಟರಲ್ಲಿ ಮುಂದಿನ ಗೇಟು ಕಿರ್ರೆನ್ನುತ್ತದೆ. ಒಳಗೆ ಕಾಲಿಡುವ ಮೊದಲೇ ಒಂದು ದೊಡ್ಡ ದನಿ ಇಡೀ ಮನೆ ದಾಟಿ ಹಿತ್ತಿಲಿಗೆ ಬರುತ್ತದೆ.

"ಅತ್ತಿಗೇ! ಹಾಲು ಸೀದುಹೋಗ್ತಿದೆ, ಯಾರೂ ಇಲ್ವಾ ಮನೇಲಿ?"

ಗುಂಡ. ಪ್ರೆಸ್ಸಿನಿಂದ ಈಗಷ್ಟೇ ಬಿಟ್ಟು ಬಂದವನು, ತೋಳಿನ ಮೇಲೆ ಇನ್ನೂ ಹಲಗೆಯ ಹೊಟ್ಟು. ಅಡುಗೆಮನೆಗೆ ನುಗ್ಗಿ ಒಲೆ ಆರಿಸಿ, "ಥೂ, ಏನು ಕಮಟು ವಾಸನೆ!" ಎಂದು ಮುಖ ಸಿಂಡರಿಸಿಕೊಂಡು ಬಾಗಿಲಲ್ಲಿ ನಿಲ್ಲುತ್ತಾನೆ. ಯಜಮಾನರು ಪೇಪರು ಕೆಳಗಿಟ್ಟು ಅವನನ್ನೇ ನೋಡುತ್ತಾರೆ. ಆಮೇಲೆ ಹೆಂಡತಿಯನ್ನು ನೋಡುತ್ತಾರೆ.

ಅಕ್ಕ ಪಾತ್ರೆ ನೋಡಲು ಏಳುವುದಿಲ್ಲ. ಬರೆದುಕೊಳ್ಳುತ್ತಿರುವ ನಮ್ಮ ಪುಸ್ತಕದ ಮೇಲೆ ಬೆರಳಿಟ್ಟು ಒತ್ತಿ ಹೇಳುತ್ತಾರೆ.

"ನನ್ನ ಹೆಸರು ಹಾಕದಿದ್ರೂ ಪರವಾಗಿಲ್ಲ. ಗೇಟಿನ ಹತ್ತಿರದಿಂದಲೇ ಅವನಿಗೆ ವಾಸನೆ ಬಂತು ಅಂತ ಬರ್ಕೊಳ್ಳಿ."